ಹತ್ತಕ್ಕೆ ಎಷ್ಟು

"ಬೆಳಿಗ್ಗೆ ಎದ್ದಾಗ ಬೆನ್ನು ಎಷ್ಟು ನೋಯುತ್ತೆ? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಹತ್ತಕ್ಕೆ ಎಷ್ಟು ಅಂತ ಹೇಳಿ," ಎಂದು ನರ್ಸಮ್ಮ ಕೇಳಿದಳು.

ಉತ್ತರಿಸಲು ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅವಳ ಗಂಡ ನಕ್ಕುಬಿಟ್ಟ.

"ಬೆಳಿಗ್ಗೆನಾ? ಬೆಳಿಗ್ಗೆ ಇವಳನ್ನ ನೀವು ನೋಡಬೇಕು ಮೇಡಂ. ನಾವೆಲ್ಲ ಕಣ್ಣು ಬಿಡೋ ಹೊತ್ತಿಗೆ ಮನೆ ಗುಡಿಸಿ, ಅಡುಗೆ ಮುಗಿಸಿ, ಬುಗುರಿ ಥರ ತಿರುಗ್ತಿರ್ತಾಳೆ. ಮದುವೆ ಆಗಿ ಹನ್ನೆರಡು ವರ್ಷ ಆಯ್ತು, ಒಂದು ದಿನ ನನಗಿಂತ ಲೇಟಾಗಿ ಎದ್ದೋಳಲ್ಲ."

"ಅವರೇ ಹೇಳ್ಲಿ ಸರ್," ಎಂದಳು ನರ್ಸಮ್ಮ.

ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ತೊಂದರೆ ಇದ್ದುದೇ ಅಲ್ಲಿ. ಅವಳು ಎಲ್ಲರಿಗಿಂತ ಮೊದಲು ಏಳುತ್ತಿದ್ದುದು, ಏಳುವುದನ್ನು ಯಾರೂ ನೋಡಬಾರದೆಂದು. ರಾತ್ರಿಯಿಡೀ ಮಲಗಿದ ಬೆನ್ನು ಬೆಳಗಿನ ಹೊತ್ತಿಗೆ ಹಲಗೆಯಾಗಿರುತ್ತಿತ್ತು. ಮಗ್ಗುಲಾಗಿ, ಮಂಚದ ಅಂಚು ಹಿಡಿದು, ಒಂದೊಂದೇ ಕಾಲು ಕೆಳಗಿಳಿಸಿ, ಗೋಡೆ ಸವರಿಕೊಂಡು ಅಡುಗೆಮನೆ ಸೇರಬೇಕು. ಅಲ್ಲಿ ಕಟ್ಟೆ ಹಿಡಿದು ಅತ್ತಿತ್ತ ತೂಗಾಡಬೇಕು. ಈ ನೋವಿನ ಗುಣವೇ ತಿರುಗುಮುರುಗು: ಮಲಗಿದಷ್ಟೂ ಬಿಗಿಯುತ್ತದೆ, ದುಡಿದಷ್ಟೂ ಸಡಿಲವಾಗುತ್ತದೆ. ಮನೆಯವರು ಎದ್ದು ಬರುವ ಹೊತ್ತಿಗೆ ಅವಳು ಎಲ್ಲರಂತೆ ಓಡಾಡಿಕೊಂಡಿರುತ್ತಿದ್ದಳು.

ಮೊದಲಿನಿಂದಲೂ ಮುಚ್ಚಿಟ್ಟವಳಲ್ಲ. ಮದುವೆಯಾದ ವರ್ಷವೇ ಗಂಡನಿಗೆ ಹೇಳಿದ್ದಳು. ಅವನು ಬೈಕು ರಿಪೇರಿ ಮಾಡುವವನು, ಕೆಟ್ಟವನಲ್ಲ, ಆದರೆ ನಾಲಗೆಯ ತುದಿಗೆ ಬಂದದ್ದನ್ನು ತಡೆಯಲಾರ. ಮನೆ ತುಂಬ ನೆಂಟರಿದ್ದ ಒಂದು ಮಧ್ಯಾಹ್ನ, ಊಟದ ನಡುವೆ, "ಏನ್ ಮಾವ, ಶೋರೂಮ್ ಗಾಡಿ ಅಂತ ಹೇಳಿ ಸೆಕೆಂಡ್ ಹ್ಯಾಂಡ್ ಕೊಟ್ಬಿಟ್ರಲ್ಲ. ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ," ಎಂದಿದ್ದ. ಊಟಕ್ಕೆ ಕೂತವರೆಲ್ಲ ಗೊಳ್ಳೆಂದರು. ಅವಳ ಅಪ್ಪನೂ ನಕ್ಕರು. ನಕ್ಕು, ಆಮೇಲೆ ತಟ್ಟೆಯಲ್ಲಿದ್ದುದನ್ನು ಕಲಸುತ್ತಲೇ ಕೂತರು, ಬಾಯಿಗಿಡಲಿಲ್ಲ.

ಅವತ್ತಿನಿಂದ ಯಾರು ಕೇಳಿದರೂ ಅವಳ ಬೆನ್ನಿಗೆ ಏನೂ ಆಗಿರಲಿಲ್ಲ; ಗಂಡ ಆ ಮಾತನ್ನೇ ಮರೆತ.

ಇಲ್ಲಿಗೆ ಬಂದದ್ದು ಕಣ್ಣಿನ ದೆಸೆಯಿಂದ. ಹೋಟೆಲೊಂದರ ಲಾಂಡ್ರಿಯಲ್ಲಿ ಹೊದಿಕೆ, ದಿಂಬಿನ ಚೀಲ ಮಡಿಸುವ ಕೆಲಸ ಅವಳದು. ಒಂದು ದಿನ ಬಲಗಣ್ಣು ಕೆಂಡದಂತಾಗಿ, ಬೆಳಕು ನೋಡಲಾಗದೆ ಕಣ್ಣಿನ ಡಾಕ್ಟರ ಬಳಿ ಓಡಿದ್ದಳು. ಅವರು ಕಣ್ಣು ನೋಡಿ ಬೆನ್ನಿನ ವಿಷಯ ಕೇಳಿದರು. ಕಣ್ಣು ನೋಡಿದವರಿಗೆ ಬೆನ್ನು ಹೇಗೆ ಕಂಡಿತೆಂದು ಅವಳು ದಂಗಾದಳು. ಬಳಿಯಲ್ಲಿ ತನ್ನವರು ಯಾರೂ ಇರಲಿಲ್ಲ; ಎಲ್ಲ ಹೇಳಿಬಿಟ್ಟಳು. ಅವರು ಈ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಇಲ್ಲಿಯವರು ಸ್ಕ್ಯಾನ್ ಮಾಡಿ, ಇದು ಬೆನ್ನೆಲುಬಿನ ಸಂಧಿವಾತ, ಕಣ್ಣು ಕೆಂಪಾದದ್ದೂ ಇದರಿಂದಲೇ, ಸೊಂಟದ ಕೀಲಿನಲ್ಲಿ ಉರಿಯೂತ ಕಾಣುತ್ತಿದೆ, ಹೀಗೇ ಬಿಟ್ಟರೆ ಮೂಳೆಗೆ ಮೂಳೆ ಕೂಡಿಕೊಂಡು ಬೆನ್ನು ಬಗ್ಗದಂತೆ ಆಗಲೂಬಹುದು ಎಂದರು. ಈ ರೋಗಕ್ಕೆ ಹೊಸ ಇಂಜೆಕ್ಷನ್ನೊಂದರ ಸಂಶೋಧನೆ ಅಲ್ಲಿ ನಡೆದಿತ್ತು. ಹೋಲಿಸಿ ನೋಡಲೆಂದು ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಔಷಧಿಯಿಲ್ಲದ ಬರೀ ನೀರನ್ನು ಚುಚ್ಚುತ್ತಾರೆ, ಆಮೇಲೆ ಎಲ್ಲರಿಗೂ ಪುಕ್ಕಟೆಯಾಗಿ ಔಷಧಿ ಸಿಗುತ್ತದೆ ಎಂದು ನರ್ಸಮ್ಮ ಬಿಡಿಸಿ ಹೇಳಿದ್ದಳು. ಅಂಥ ಔಷಧಿಯನ್ನು ಹೊರಗೆ ಕೊಳ್ಳುವುದು ಲಾಂಡ್ರಿಯ ಸಂಬಳಕ್ಕೆ ಎಟುಕುವ ಮಾತಲ್ಲ.

ಆದರೆ ನೋವು ಒಂದು ಮಟ್ಟ ದಾಟಿದವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಹೋದ ಸಲ ಒಬ್ಬಳೇ ಬಂದಾಗ ಇದೇ ಪ್ರಶ್ನೆಗೆ ಎಂಟು ಎಂದಿದ್ದಳು. "ಸೇರಿಸ್ಕೊಳ್ಳೋ ದಿನ ಮತ್ತೆ ಕೇಳ್ತೀವಿ ಅಕ್ಕ, ಅವತ್ತು ಹೇಳಿದ್ದೇ ಲೆಕ್ಕ. ಮನೆಯವರನ್ನೂ ಕರ್ಕೊಂಡು ಬನ್ನಿ, ಅವರಿಗೂ ವಿಷಯ ತಿಳಿಸ್ಬೇಕು," ಎಂದಿದ್ದಳು ನರ್ಸಮ್ಮ. ಗಂಡನಿಗೆ ಕಣ್ಣಿನ ವಿಷಯ ಎಂದಷ್ಟೇ ಹೇಳಿ ಕರೆತಂದಿದ್ದಳು. ಉಳಿದದ್ದನ್ನು ದಾರಿಯಲ್ಲಿ ಹೇಳೋಣವೆಂದುಕೊಂಡವಳಿಗೆ ದಾರಿ ಸಾಲಲಿಲ್ಲ.

"ಹೇಳಿ ಅಕ್ಕ."

"ಸೊನ್ನೆ ಅಂತ ಹಾಕ್ಕೊಳ್ಳಿ ಮೇಡಂ," ಎಂದ ಗಂಡ. "ಗಾಡಿ ಕೆಟ್ರೆ ಮೆಕ್ಯಾನಿಕ್‌ಗೆ ಗೊತ್ತಾಗಲ್ವ? ನಂಗೆ ಗೊತ್ತಿಲ್ದೇ ಇರೋ ನೋವು ಎಲ್ಲಿಂದ ಬರುತ್ತೆ?" ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸಿ, "ಇದೆಯೇನೇ?" ಎಂದ.

ಆ ಮೆತ್ತನೆಯ ದನಿಯೇ ಎಲ್ಲ ಕೆಡಿಸಿತು. ಅವನು ಜಗಳಕ್ಕೆ ಬಂದಿದ್ದರೆ ಎಂಟು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳೇನೋ. ಈಗ ಎಂಟು ಎಂದರೆ, ಇಷ್ಟು ವರ್ಷ ಮಗ್ಗುಲಲ್ಲೇ ಮಲಗಿದವನಿಗೆ ಏನೂ ತಿಳಿಯಲಿಲ್ಲವೆಂದು ಹೊರಗಿನವರ ಮುಂದೆ ಹೇಳಿದಂತೆ. ಅವಮಾನವಾದರೆ ಅವನು ತಮಾಷೆ ಕಟ್ಟುತ್ತಾನೆ. ಆ ತಮಾಷೆ ಅಂಗಡಿ, ನೆಂಟರ ಮನೆ ಎಲ್ಲ ಸುತ್ತಿ ಒಂದು ದಿನ ಅಪ್ಪನ ತಟ್ಟೆಯ ಮುಂದೆ ಬಂದು ಕೂರುತ್ತದೆ.

"ಮೂರು," ಎಂದಳು.

ನರ್ಸಮ್ಮನ ಪೆನ್ನು ನಿಂತಿತು. "ಹೋದ ಸಲ ನೀವು..." ಎಂದವಳು ಗಂಡನ ಕಡೆ ತಿರುಗಿದಳು. "ಸರ್, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?"

"ಯಾಕ್ ಮೇಡಂ, ನಾನು ಕೇಳ್ಬಾರದ್ದು ಏನಿದೆ?"

"ಅವರು ಇರಲಿ ಬಿಡಿ," ಎಂದವಳು ಅವಳೇ. "ಮುಚ್ಚಿಡೋಂಥದ್ದು ಏನಿಲ್ಲ. ಮೂರೇ. ಈಗ ಪರವಾಗಿಲ್ಲ."

ಕುತ್ತಿಗೆ, ಕೀಲು, ಸುಸ್ತು ಎಂದು ಉಳಿದ ಪ್ರಶ್ನೆಗಳು ಬಂದವು. ಮೊದಲನೆಯ ಸುಳ್ಳಿಗಷ್ಟೇ ಕಷ್ಟಪಡಬೇಕಾಯಿತು.

ಡಾಕ್ಟರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಸ್ಕ್ಯಾನಲ್ಲಿ ಇಷ್ಟಿದೆ, ನೋವು ಇಷ್ಟೇನಾ?" ಅವಳು ಹೌದೆಂದು ತಲೆಯಾಡಿಸಿದಳು. "ನಮ್ಮಿಷ್ಟದ ನಂಬರ್ ನಾವು ಹಾಕೋಕೆ ಬರಲ್ಲಮ್ಮ. ಈ ಸ್ಟಡಿಗೆ ನಿಮ್ಮನ್ನ ತಗೊಳ್ಳೋಕಾಗಲ್ಲ. ಮಾತ್ರೆ ಬರ್ಕೊಡ್ತೀನಿ, ವ್ಯಾಯಾಮ ಬಿಡಬೇಡಿ, ತಪ್ಪದೆ ತೋರಿಸ್ಕೊಳ್ಳಿ." ಬಾಗಿಲ ಹೊರಗೆ ಮುಂದಿನವರು ಕಾಯುತ್ತಿದ್ದರು.

ಗಂಡ ಇಬ್ಬರಿಗೂ ಕೈಮುಗಿದ. ಹೊರಗೆ ಬಂದದ್ದೇ ತನ್ನ ತಾಯಿಗೆ ಫೋನು ಹಚ್ಚಿದ. "ಅಂಥದ್ದೇನೂ ಇಲ್ವಂತೆ ಕಣಮ್ಮ, ಮಾತ್ರೆ ಸಾಕಂತೆ. ಕಾಯಿಲೆ ಪರೀಕ್ಷೇಲಿ ನಿನ್ನ ಸೊಸೆ ಫೇಲು."

ಬಸ್ಸಿನಲ್ಲಿ ಇಬ್ಬರ ಸೀಟೊಂದು ಸಿಕ್ಕಿತು. ಅವನು ಕಿಟಕಿಯ ಕಡೆ ಸರಿದು, ಪಕ್ಕದ ಜಾಗವನ್ನು ಕರವಸ್ತ್ರದಿಂದ ಒರೆಸಿದ. "ಬಾ, ಕೂತ್ಕೋ."

ಅವರು ಇಳಿಯಬೇಕಾದದ್ದು ಕೊನೆಯ ಸ್ಟಾಪಿನಲ್ಲಿ. ಅಷ್ಟು ಹೊತ್ತು ಕೂತರೆ ಬೆನ್ನು ಬಿಗಿದು, ಅವನ ಕಣ್ಣೆದುರಿಗೇ ತಡವರಿಸಿಕೊಂಡು ಏಳಬೇಕು.

"ಬೇಡ, ನಿಂತ್ರೆ ಚೆನ್ನಾಗಿ ಗಾಳಿ ಬರುತ್ತೆ," ಎಂದಳು.

ಮುಂದಿನ ಸ್ಟಾಪಿನಲ್ಲಿ ಹತ್ತಿದ ಮುದುಕರೊಬ್ಬರು ಖಾಲಿ ಸೀಟನ್ನೂ ಅವಳನ್ನೂ ನೋಡಿದರು. "ನೀನು ಕೂರಲ್ವೇನಮ್ಮ?"

"ಕೂತ್ಕೊಳ್ಳಿ ಯಜಮಾನ್ರೇ," ಎಂದ ಗಂಡ. ದನಿಯಲ್ಲಿ ಹೆಮ್ಮೆ ತುಂಬಿತ್ತು. "ನಮ್ಮೋಳು ಕೂರೋ ಪೈಕಿ ಅಲ್ಲ."

ಮುದುಕರು ಅವಳತ್ತ ಮೆಚ್ಚಿಕೆಯಿಂದ ನೋಡಿ ಕೂತರು. ಬಸ್ಸು ತಿರುವಿನಲ್ಲಿ ವಾಲಿತು. ಅವಳು ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಳು.