ಹದಿನೇಳನೆಯ ದೋಷ

“ಹದಿನೇಳು. ಅಡಿಗೆಮನೆ ಕಿಟಕಿ. ಮೇಲಿನ ಚಿಲಕ ಕಿತ್ತುಹೋಗಿ ಹದಿನೆಂಟು ವರ್ಷ. ಕದ ತಾನಾಗಿ ಒಳಕ್ಕೆ ತೆರೆದುಕೊಳ್ಳುತ್ತದೆ.”

ಹಾಳೆ ಹಿಡಿದು ಓದುತ್ತಿದ್ದ ಕಂಪನಿಯವನು ತಲೆಯೆತ್ತಿ ಕಿಟಕಿ ನೋಡಿದ. ಯಾರೋ ತನ್ನ ಹೆಸರು ಕರೆದರೆಂಬಂತೆ ಕಿಟಕಿಯ ಕದ ಕಿರ್ರೆಂದು ಒಳಕ್ಕೆ ಬಂತು.

“ಇದೂ ಸರಿಯಾಗಿದೆ ಸಾರ್. ಅಂದ್ರೆ, ನೀವು ಬರ್ದಿರೋದು ಸರಿಯಾಗಿದೆ. ಕಿಟಕಿ ಅಲ್ಲ.”

ಅವನು ತನ್ನ ಮಾತಿಗೆ ತಾನೇ ನಕ್ಕು, ಫೋನೆತ್ತಿ ಕಿಟಕಿಯ ಫೋಟೋ ತೆಗೆದುಕೊಂಡ. ಮನೆಯ ಯಜಮಾನ ನಗಲಿಲ್ಲ. ಸರಿಯಾಗಿರುವುದರಲ್ಲಿ ನಗುವಂಥದ್ದೇನಿದೆ ಎಂದು ಅವನಿಗೆ ಎಂದೂ ತಿಳಿದಿರಲಿಲ್ಲ.

ಪೇಟೆಯ ಜನ ಅವನನ್ನು ಗುಲಗಂಜಿ ಎನ್ನುತ್ತಿದ್ದರು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರಾಗಿದ್ದವನು. ತಕ್ಕಡಿಯಲ್ಲಿ ಒಂದು ಗುಲಗಂಜಿಯಷ್ಟು ಹೆಚ್ಚುಕಡಿಮೆ ಕಂಡರೂ ಅವನ ಪೆನ್ಸಿಲು ಎದ್ದು ನಿಲ್ಲುತ್ತಿತ್ತು. ಲಂಚ ಮುಟ್ಟಿದವನಲ್ಲ. ಅಂಗಡಿಯವರ ಕೈಯಿಂದ ಒಂದು ಲೋಟ ನೀರನ್ನೂ ಕುಡಿದವನಲ್ಲ. ಇಂಥವರನ್ನು ಜನ ಗೌರವಿಸುತ್ತಾರೆ. ಹತ್ತಿರ ಬಂದರೆ ಮಾತು ನಿಲ್ಲಿಸುತ್ತಾರೆ.

ಕರಾರು ಸರಳವಾಗಿತ್ತು. ಈ ಹಳೆಯ ಮನೆಯನ್ನು ಕಂಪನಿಗೆ ಕೊಡುವುದು, ಕಂಪನಿ ಊರಾಚೆ ಕಟ್ಟಿರುವ ಹೊಸ ಮನೆಗಳಲ್ಲಿ ಒಂದನ್ನು ಪಡೆಯುವುದು. ಹಳೆಯದನ್ನು ಮಾರಲು ದಲ್ಲಾಳಿಗಳ ಹಿಂದೆ ಅಲೆಯಬೇಕಿಲ್ಲ, ಕೊಳ್ಳುವವರೆದುರು ಹಲ್ಲುಗಿಂಜಬೇಕಿಲ್ಲ. ಒಂದು ಬೀಗದ ಕೈ ಕೊಟ್ಟು ಇನ್ನೊಂದನ್ನು ಈಸಿಕೊಂಡರೆ ಆಯಿತು. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದುದರಿಂದ ಇಬ್ಬರ ಸಹಿಯೂ ಇವತ್ತು ಸಂಜೆ ಐದರೊಳಗೆ ಬೀಳಬೇಕು. ಬೀಳದಿದ್ದರೆ ಅವನು ಆರಿಸಿಟ್ಟಿರುವ ಮೂಲೆಮನೆ ಸರದಿಯಲ್ಲಿ ನಿಂತ ಮುಂದಿನವರ ಪಾಲಾಗುತ್ತದೆ. ಅವನ ಸಹಿ ಬಿದ್ದು ಎಂಟು ದಿನವಾಗಿತ್ತು. ಅವಳದು ಬಾಕಿ.

ಆ ಮೂಲೆಮನೆಯನ್ನು ಅವನು ಏಳು ಸಲ ಹೋಗಿ ನೋಡಿ ಬಂದಿದ್ದ. ಗೋಡೆಗಳು ನೆಟ್ಟಗೆ, ಮೂಲೆಗಳು ಕರಾರುವಾಕ್ಕು. ಏಳು ಸಲವೂ ಬರೆದುಕೊಳ್ಳಲು ಅವನಿಗೆ ಏನೂ ಸಿಕ್ಕಿರಲಿಲ್ಲ. ಬದುಕಿನ ಉಳಿದ ಕಾಲವನ್ನು ಅಂಥ ಮನೆಯಲ್ಲೇ ಕಳೆಯಬೇಕೆಂದು ಅವನು ನಿಶ್ಚಯಿಸಿದ್ದ. ಅವನು ನಿಶ್ಚಯಿಸಿದನೆಂದರೆ ಮುದ್ರೆ ಒತ್ತಿದಂತೆ.

ಫಾರ್ಮಿನ ಕೊನೆಯಲ್ಲಿ ‘ಮನೆಯಲ್ಲಿರುವ ದೋಷಗಳು’ ಎಂದು ನಾಲ್ಕು ಗೆರೆಯ ಜಾಗವಿತ್ತು. ಗುಲಗಂಜಿ ಅದಕ್ಕೆ ಏಳು ಹಾಳೆ ಲಗತ್ತಿಸಿದ್ದ.

“ಎಲ್ಲಾರೂ ಇಲ್ಲಿ ‘ಏನೂ ಇಲ್ಲ’ ಅಂತ ಬರೀತಾರೆ ಸಾರ್. ನಾವು ಬಂದು ಹುಡುಕ್ತೀವಿ. ನೀವು ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಿ.”

“ಇದ್ದದ್ದು ಬರ್ದಿದೀನಿ.”

“ನಲವತ್ತೊಂದು!”

“ನಲವತ್ತೊಂದೇ ಇರೋದು.”

ಹೆಂಡತಿ ಒಲೆಯ ಮುಂದೆ, ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬಂದವನಿಗೆ ಚಹಾ ಕಾಯಿಸುತ್ತಿದ್ದಳು. ಗಾಳಿ ನುಗ್ಗಿದಾಗಲೆಲ್ಲ ಬೆನ್ನನ್ನು ಅಷ್ಟಿಷ್ಟು ಅಗಲಿಸಿ ಉರಿಯನ್ನು ಮರೆಮಾಡುತ್ತಿದ್ದಳು. ಇಂಥ ಹಾಳೆಗಳಿವೆಯೆಂದು ಅವಳಿಗೆ ಗೊತ್ತಾದದ್ದು ಇವತ್ತೇ.

“ಆ ಹದಿನೇಳನ್ನ ಇನ್ನೊಂದ್ಸಲ ಓದಪ್ಪ,” ಎಂದಳು.

ಅವನು ಓದಿದ.

“ಹದಿನೆಂಟು ವರ್ಷವಾ? ನಾನು ಹದಿನೈದು ಅಂದ್ಕೊಂಡಿದ್ದೆ.”

“ಹದಿನೆಂಟು,” ಎಂದ ಗುಲಗಂಜಿ. “ಆ ವರ್ಷ ಗಾಳಿ ಜೋರಿತ್ತು. ಡೈರಿಯಲ್ಲಿದೆ.”

ಕಂಪನಿಯವನು ಚಹಾ ಕುಡಿದ. ಲೋಟ ತೊಳೆದಿಡಲು ಹೋಗಿ ಬೈಸಿಕೊಂಡ. ನಾಲ್ಕೂವರೆಗೆ ಮತ್ತೆ ಬರುತ್ತೇನೆ, ಮೇಡಮ್ಮಿನ ಸಹಿ ಒಂದು ಆದರೆ ಕೆಲಸ ಮುಗಿಯಿತು ಎಂದು ಹೇಳಿ ಹೊರಟುಹೋದ. ಹಾಳೆಗಳ ಒಂದು ಪ್ರತಿ ಮೇಜಿನ ಮೇಲೆ ಉಳಿಯಿತು. ಗಾಳಿಗೆ ಅದರ ಅಂಚು ಏಳುತ್ತಿತ್ತು, ಮಲಗುತ್ತಿತ್ತು.

ಅವಳು ನಿಂತೇ ಓದಿದಳು. ಒಂದರಿಂದ ನಲವತ್ತೊಂದರವರೆಗೆ, ತುಟಿಯಲ್ಲಾಡಿಸುತ್ತ.

“ಇಷ್ಟೂ ನಿಮಗೆ ಗೊತ್ತಿತ್ತು.”

“ಮನೇಲಿರೋನಿಗೆ ಗೊತ್ತಿರಲ್ವ?”

“ಬಚ್ಚಲ ಬಾಗಿಲು ಕೆಳಗೆ ಉಜ್ಜುತ್ತೆ ಅಂತ. ಹಿಂದಿನ ಮೆಟ್ಟಿಲು ಒಂದು ಬೆರಳು ತಗ್ಗು ಅಂತ. ನಾನು ಅಲ್ಲಿ ಎರಡು ಸಲ ಬಿದ್ದೆ.”

“ಮೂರು,” ಎಂದುಬಿಟ್ಟ. ಅಭ್ಯಾಸಬಲ.

ಅವಳು ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಯಾಗಿ ಕೂಡಿಸಿ, ಮೇಜಿನ ಮೇಲಿಟ್ಟಳು. ಸಿಟ್ಟಿನ ಕೆಲಸ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಇದು ಬೇರೆ ಏನೋ ಎಂದು ಅವನಿಗೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

“ನಾನು ಏನಂದ್ಕೊಂಡಿದ್ದೆ ಗೊತ್ತಾ? ಪಾಪ, ಇವರ ತಲೆ ತುಂಬ ಆಫೀಸು, ಮನೆ ಕಿಟಕಿ ಎಲ್ಲಿ ಕಾಣುತ್ತೆ ಅಂತ. ಕಾಣದೆ ಇದ್ದೋರನ್ನ ಕ್ಷಮಿಸ್ಬೋದು ನೋಡಿ. ಹಾಗೇ ಕ್ಷಮಿಸ್ತಾ ಬಂದೆ.”

“ಈಗ ಹೊಸ ಮನೆಗೇ ಹೋಗ್ತಿದೀವಲ್ಲ. ಅಲ್ಲಿ ಯಾವ ತೊಂದರೇನೂ ಇಲ್ಲ.”

“ನಂದು ಎಷ್ಟನೇ ನಂಬರು?”

“ಯಾವುದು?”

“ನನ್ನ ದೋಷ. ಈ ನಲವತ್ತೊಂದರಲ್ಲೇ ಸೇರಿಸಿದೀರೋ, ಅದಕ್ಕೆ ಬೇರೆ ಹಾಳೆ ಇದೆಯೋ?”

“ತಮಾಷೆ ಮಾಡೋ ಹೊತ್ತಲ್ಲ ಇದು.”

“ನಾನೂ ಮಾಡ್ತಿಲ್ಲ.”

ಅವನು ಕೋಣೆಗೆ ಹೋದ. ಬೀರುವಿನಲ್ಲಿ ವರ್ಷಕ್ಕೊಂದರಂತೆ ಡೈರಿಗಳಿದ್ದವು. ಚಿಲಕ ಕಿತ್ತ ವರ್ಷದ್ದನ್ನು ತೆಗೆದ. ದಿನಾಂಕ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ತಪ್ಪಿರಲಿಲ್ಲ. ಆದರೆ ಹದಿನೈದು ಪುಟ ದಾಟಿ, ಅವನದೇ ಮುತ್ತಿನಂಥ ಅಕ್ಷರದಲ್ಲಿ, ಇನ್ನೊಂದು ಸಾಲಿತ್ತು: ‘ಇವಳಿಗೆ ಹನ್ನೊಂದು ದಿನದಿಂದ ಕೆಮ್ಮು. ಕಾರಣ ಕಿಟಕಿ ಇರಬಹುದು.’

ಅದರ ಕೆಳಗೆ ಏನೂ ಇರಲಿಲ್ಲ. ಮರುದಿನದ ಪುಟದಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಅಳತೆಪಾತ್ರೆ ತಗ್ಗಿದ್ದ ವಿಚಾರ.

ಇಲಾಖೆಯ ನಿಯಮವೇ ಹಾಗೆ. ಇನ್ಸ್‌ಪೆಕ್ಟರು ದೋಷ ಕಂಡರೆ ಬರೆಯಬೇಕು. ತಕ್ಕಡಿಯನ್ನು ಮುಟ್ಟಿ ಸರಿಪಡಿಸುವಂತಿಲ್ಲ. ದುರಸ್ತಿಯವರು ಬೇರೆ, ಅವರಿಗೆ ಬೇರೆ ಲೈಸೆನ್ಸು. ನೋಡುವ ಕಣ್ಣು ಮತ್ತು ತಿದ್ದುವ ಕೈ ಒಬ್ಬನದೇ ಆದರೆ ನ್ಯಾಯ ಕೆಡುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನಿಗೆ ಕಲಿಸಿದ್ದರು. ಅವನು ಒಳ್ಳೆಯ ವಿದ್ಯಾರ್ಥಿ. ಆದರೆ ಮೇಲಿರುವವನು ಮನುಷ್ಯನನ್ನು ಕಳಿಸುವಾಗ ಎರಡು ಕಣ್ಣಿನ ಜೊತೆ ಎರಡು ಕೈಯನ್ನೂ ಕೊಟ್ಟೇ ಕಳಿಸಿರುತ್ತಾನೆ. ಒಂದು ದಿನ ಅವನ್ನೂ ತೋರಿಸು ಅನ್ನದೆ ಬಿಡುವುದಿಲ್ಲ.

ಅಡಿಗೆಮನೆಗೆ ಬಂದಾಗ ಅವಳು ಬಟ್ಟೆಯ ಉಂಡೆಯೊಂದನ್ನು ಕದದ ಸಂದಿಗೆ ತುರುಕುತ್ತಿದ್ದಳು. ಅದು ಅರ್ಧ ಗಂಟೆ ನಿಲ್ಲುತ್ತದೆ, ಆಮೇಲೆ ಬೀಳುತ್ತದೆ. ಹದಿನೆಂಟು ವರ್ಷದ ಉಂಡೆ.

“ಸಹಿ ಹಾಕ್ತೀನಿ,” ಎಂದಳು ತಿರುಗದೆ. “ಒಂದೇ ಮಾತು. ಇದನ್ನ ಸರಿ ಮಾಡಿ.”

“ಯಾವುದನ್ನ?”

“ಈ ಕಿಟಕೀನ. ನಿಮ್ಮ ಕೈಯಾರೆ. ಬಡಗಿನ ಕರೆಸ್ಬೇಡಿ.”

“ಮುಂದಿನ ತಿಂಗಳು ಕೆಡವಿ ಹಾಕ್ತಾರೆ ಕಣೇ ಈ ಮನೇನ!”

“ಕೆಡವಲಿ. ಒಂದು ಹೊತ್ತು ನಾನಿಲ್ಲಿ ಗಾಳಿ ಇಲ್ದೆ ಒಲೆ ಹಚ್ಬೇಕು. ಆಮೇಲೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ.”

ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಗುಲಗಂಜಿ ಚಪ್ಪಲಿ ಮೆಟ್ಟಿದ. ಅವನಿಗೂ ಆ ಮೂಲೆಮನೆಗೂ ನಡುವೆ ಒಂದು ಚಿಲಕ ಮಾತ್ರ ನಿಂತಿತ್ತು. ಅಷ್ಟಕ್ಕೆ ಸೋಲುವವನಲ್ಲ ಅವನು.

ಕಬ್ಬಿಣದ ಸಾಮಾನಿನ ಅಂಗಡಿಯವನು ಅವನನ್ನು ದೂರದಿಂದಲೇ ಕಂಡು, ಹಳೆಯ ಭಯದಲ್ಲಿ ಎದ್ದು ನಿಂತ.

“ಸಾಹೇಬ್ರೆ, ಹೋದ ವಾರ ತಾನೇ ಮುದ್ರೆ ಹಾಕ್ಸಿದೀನಿ!”

“ಒಂದು ಚಿಲಕ ಬೇಕಾಗಿತ್ತು.”

“ಯಾರಿಗೆ?”

“ನನಗೆ.”

ಅಂಗಡಿಯವನು ಇದರಲ್ಲಿ ಏನು ಹೂಟವಿದೆಯೋ ಎಂದು ಅವನ ಮುಖ, ಕೈ, ಜೇಬು ಎಲ್ಲವನ್ನೂ ನೋಡಿದ. “ಎಷ್ಟಿಂಚಿಂದು ಸಾಹೇಬ್ರೆ?”

ಗುಲಗಂಜಿ ಜೇಬು ತಡಕಿದ. ಅಳತೆ ತೆಗೆದುಕೊಂಡು ಬಂದಿರಲಿಲ್ಲ. ಚಿಲಕ ಕಿತ್ತ ದಿನ ಅವನಿಗೆ ಗೊತ್ತಿತ್ತು, ವರ್ಷ ಗೊತ್ತಿತ್ತು. ಚಿಲಕದ ಉದ್ದ ಗೊತ್ತಿರಲಿಲ್ಲ.

“ಇಷ್ಟಿರಬೇಕು,” ಎಂದು ಎರಡು ಬೆರಳು ಅಗಲಿಸಿ ತೋರಿಸಿದ.

ಅಂಗಡಿಯವನು ಆ ಬೆರಳುಗಳನ್ನೇ ನೋಡುತ್ತ ನಿಂತ. ಬದುಕಿರುವವರೆಗೆ ಹೇಳಿಕೊಂಡು ತಿರುಗಲು ಅವನಿಗೆ ಒಂದು ಕತೆ ಸಿಕ್ಕಿತ್ತು. ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರು ಕಟ್ಟಿಕೊಟ್ಟ. ಎರಡು ಸ್ಕ್ರೂ ಹೆಚ್ಚಿಗೆ ಹಾಕಲು ಹೋದಾಗ ಗುಲಗಂಜಿ ಅವನ್ನು ಆರಿಸಿ ಹಿಂದಕ್ಕಿಟ್ಟ.

ಮನೆಗೆ ಬಂದು ಸ್ಟೂಲು ಹಾಕಿಕೊಂಡು ಹತ್ತಿದ. ಮೊದಲ ಸ್ಕ್ರೂ ಮರಕ್ಕೆ ಇಳಿಯಲೇ ಇಲ್ಲ. ಎರಡನೆಯದು ಓರೆಯಾಯಿತು. ಸ್ಕ್ರೂಡ್ರೈವರು ಜಾರಿ ಹೆಬ್ಬೆರಳಿನ ಸಿಪ್ಪೆ ಹಾರಿತು. ಹಳೆಯ ಮರ ಒಳಗೊಳಗೇ ಪುಡಿಯಾಗಿತ್ತು. ಇನ್ನೊಂದು ಅಂಗುಲ ಪಕ್ಕಕ್ಕೆ ಹೋಗಬೇಕಾಯಿತು. ಅಂಗಿ ಬೆನ್ನಿಗಂಟಿತು. ಅಲುಗುತ್ತಿದ್ದ ಸ್ಟೂಲನ್ನು ಹೆಂಡತಿ ಕಾಲಿನಿಂದ ಒತ್ತಿ ಹಿಡಿದಿದ್ದಳು.

“ಎಡಕ್ಕೋ ಬಲಕ್ಕೋ?” ಎಂದು ಒಮ್ಮೆ ಕೇಳಿದ.

“ನನ್ನ ಕೇಳ್ತೀರಾ?” ಎಂದಳು. ಅವಳ ದನಿಯಲ್ಲಿ ನಗುವಿನಂಥದ್ದೇನೋ ಇತ್ತು.

ಮೂರೂಕಾಲು ಗಂಟೆಗೆ ಮೊದಲ ಸ್ಕ್ರೂ ಕಚ್ಚಿಕೊಂಡಿತು. ಮರ ಅದನ್ನು ಹಿಡಿದದ್ದು ಅವನ ಮಣಿಕಟ್ಟಿಗೆ ತಿಳಿಯಿತು, ಯಾರೋ ಒಳಗಿನಿಂದ ಕೈಕುಲುಕಿದಂತೆ. ಬರೆದಿಡಬೇಕೆನ್ನಿಸಲಿಲ್ಲ. ನಾಲ್ಕು ಗಂಟೆಗೆ ನಾಲ್ಕೂ ಕೂತವು. ಚಿಲಕವನ್ನು ಮೇಲಕ್ಕೆ ದೂಡಿದ. ಕದ ನಿಂತಿತು.

ಬೀದಿಯ ಗದ್ದಲ ಒಮ್ಮೆಗೇ ಆಚೆ ಹೋಯಿತು.

ಅವಳು ಒಲೆ ಹಚ್ಚಿದಳು. ಉರಿ ನೆಟ್ಟಗೆ, ಅಲುಗದೆ, ಪ್ರಾರ್ಥನೆಗೆ ಕೂತವರ ಹಾಗೆ ನಿಂತಿತು. ಅವಳು ಅಭ್ಯಾಸದಂತೆ ಕಿಟಕಿಗೆ ಬೆನ್ನು ಕೊಡಲು ಹೋಗಿ, ಬೇಕಿಲ್ಲವೆಂದು ನೆನಪಾಗಿ ಈಚೆ ಬಂದಳು. ಮತ್ತೆ ಆಚೆ ಹೋದಳು. ಆ ಇಷ್ಟಗಲ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂದು ಅವಳಿಗೆ ತಿಳಿಯದೆ ಹೋಯಿತು.

“ಚೆನ್ನಾಗಿದೆ,” ಎಂದಳು.

ಅವನು ಸ್ಟೂಲಿನ ಮೇಲೆ ಕೂತ. ಅವಳು ಮುಂದೆ ಬಂದು ಅವನ ಹೆಬ್ಬೆರಳನ್ನು ನೋಡಿ, ಒದ್ದೆ ಬಟ್ಟೆ ಸುತ್ತಿದಳು. ಆಮೇಲೆ ಮೇಜಿನ ಬಳಿ ಕೂತು ಪೆನ್ನು ಬಿಚ್ಚಿದಳು.

ಆಗ ಕಂಪನಿಯವನು ಬಂದ. ಬಂದವನೇ ಕಿಟಕಿ ನೋಡಿದ.

“ಅಯ್ಯೋ, ಇದೇನು ಮಾಡಿದ್ರಿ ಸಾರ್?”

“ಸರಿ ಮಾಡಿದೆ.”

“ಬೆಳಗ್ಗೇನೆ ಫೋಟೋ ಕಳಿಸ್ಬಿಟ್ಟಿದೀನಿ. ಹದಿನೇಳು, ಕಿಟಕಿ ತೆರ್ಕೊಳುತ್ತೆ ಅಂತ. ಸಹಿ ಆದ್ಮೇಲೆ ಇನ್ನೊಂದು ಫೋಟೋ ಹೋಗ್ಬೇಕು. ಎರಡೂ ಹೊಂದ್ಲಿಲ್ಲ ಅಂದ್ರೆ ಮೇಲಿನೋರು ಫೈಲು ವಾಪಸ್ ಹಾಕ್ತಾರೆ.”

“ಕೆಟ್ಟಿದ್ದು ಒಳ್ಳೇದಾಗಿದೆಯಲ್ಲಪ್ಪ,” ಎಂದಳು ಅವಳು. “ಹೇಗೂ ಕೆಡವೋ ಮನೆ.”

“ಒಳ್ಳೇದಾದ್ರೂ ವ್ಯತ್ಯಾಸ ವ್ಯತ್ಯಾಸಾನೇ ಮೇಡಂ. ಹೊಸ ಫಾರ್ಮು ಹಾಕ್ಬೋದು, ಮುಂದಿನ ತಿಂಗಳು. ಆದ್ರೆ ಆ ಮೂಲೆಮನೆ ಅಷ್ಟೊತ್ತಿಗೆ...” ಅವನು ಕೈ ಕೊಡವಿದ.

ಗುಲಗಂಜಿ ವಾದಿಸಲಿಲ್ಲ. ಹೆಚ್ಚು ತೂಗುವ ತಕ್ಕಡಿಯೂ ಸುಳ್ಳು ತಕ್ಕಡಿಯೇ ಎಂದು ಪೇಟೆಯಲ್ಲಿ ನೂರು ಸಲ ಹೇಳಿದವನು ಅವನೇ. ನಾಲ್ಕೂ ನಲವತ್ತಾಗಿತ್ತು. ಅವನು ಸ್ಟೂಲನ್ನು ಮತ್ತೆ ಕಿಟಕಿಯ ಕೆಳಗೆ ಎಳೆದುಕೊಂಡ.

“ಏನ್ ಮಾಡ್ತಿದೀರಿ?” ಎಂದಳು ಅವಳು.

“ಹತ್ತು ನಿಮಿಷದ ಕೆಲಸ. ಬಿಚ್ಚಿದ್ರೆ ಆಯ್ತು.”

“ನಾನು ಹೇಳಿದ್ದು ಸರಿ ಮಾಡಿ ಅಂತ.”

“ಮಾಡಿದ್ದೆನಲ್ಲ. ನೋಡಿದ್ಯಲ್ಲ. ಇನ್ನೇನು ಬೇಕು?”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಹಾಕುವುದಕ್ಕೆ ಮೂರು ತಾಸು ಹಿಡಿದದ್ದು ಬಿಚ್ಚುವುದಕ್ಕೆ ಮೂರು ನಿಮಿಷವೂ ಹಿಡಿಯಲಿಲ್ಲ. ಅವನ ಕೈ ಈಗ ನುರಿತಿತ್ತು. ಬಿಚ್ಚಿದ ಸ್ಕ್ರೂಗಳನ್ನು ಇಡಲು ಜಾಗವಿಲ್ಲದೆ ಒಂದೊಂದಾಗಿ ತುಟಿಗಳ ನಡುವೆ ಹಿಡಿದುಕೊಂಡ. ನಾಲ್ಕನೆಯದೂ ಬಂತು. ಚಿಲಕ ಎಡಗೈಗೆ ಬಿತ್ತು. ಕಂಪನಿಯವನು ಫೋನೆತ್ತಿ ಹಿಡಿದು ಕಾದ.

ಕದ ತೆರೆದುಕೊಳ್ಳಲಿಲ್ಲ.

ಗುಲಗಂಜಿ ಕೆಳಗೆ ನೋಡಿದ. ಅವಳು ಯಾವಾಗಲೋ ಎದ್ದು ಬಂದು ಅಂಗೈಯನ್ನು ಕದಕ್ಕೆ ಒತ್ತಿ ನಿಂತಿದ್ದಳು. ಹೊರಗೆ ಗಾಳಿ ಎದ್ದಿತ್ತು. ಮರ ಅವಳ ಕೈಯಡಿ ಸಣ್ಣಗೆ ನಡುಗುತ್ತಿತ್ತು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಅವಳು ಅವನನ್ನು ನೋಡುತ್ತಿರಲಿಲ್ಲ. ಕಂಪನಿಯವನನ್ನೂ ನೋಡುತ್ತಿರಲಿಲ್ಲ.

“ಅಕ್ಕ,” ಎಂದ ಬೆಳಗಿನಿಂದ ಮೇಡಂ ಎನ್ನುತ್ತಿದ್ದವನು, ಮೆಲ್ಲಗೆ. “ಸ್ವಲ್ಪ ಕೈ ತೆಗೀತೀರಾ?”

ಅವಳು ತೆಗೆಯಲಿಲ್ಲ.

ಗುಲಗಂಜಿ ಸ್ಟೂಲಿನ ಮೇಲೆ ನಿಂತೇ ಇದ್ದ. ಒಂದು ಕೈಯಲ್ಲಿ ಚಿಲಕ, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಹೇಳಬೇಕಾಗಿದ್ದುದು ‘ತೆಗೆ’ ಎಂದೋ ‘ತೆಗೆಯಬೇಡ’ ಎಂದೋ ಅವನಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಬಾಯಲ್ಲಿ ನಾಲ್ಕು ಸ್ಕ್ರೂಗಳಿದ್ದವು, ನಾಲಿಗೆಯ ಮೇಲೆ ಕಬ್ಬಿಣದ ರುಚಿ ಹರಡುತ್ತಿತ್ತು, ಮತ್ತು ಅವನ ಮೊಣಕಾಲಿನ ಪಕ್ಕದಲ್ಲಿ ಆ ಕೈ ಕದವನ್ನು ಒತ್ತಿ ಹಿಡಿದೇ ಇತ್ತು.