ಸೂತಕದ ಮಗು

ಅರಸೀಕೆರೆಯಲ್ಲಿ ವಕೀಲಿ ಮಾಡುವ ಹೆಂಗಸು ಎಂದ ಮೇಲೆ ಸುತ್ತಮುತ್ತಲಿನ ಮುರಿದ ಮದುವೆಗಳೆಲ್ಲ ನನ್ನ ಕಚೇರಿಗೇ ಬರುತ್ತವೆ. ಬಂದವರು ಅಳುತ್ತಾರೆ, ನಾನು ಗದರುತ್ತೇನೆ. ದಿವ್ಯಾ ಬಂದು ಕುಳಿತ ದಿನ ಮಾತ್ರ ಗದರಲು ನನಗೆ ಬಾಯಿ ಬರಲಿಲ್ಲ.

"ಮೇಡಂ, ಚಿನ್ಮಯೀನ ಅವ್ರು ವಾಪಸ್ ಕಳಿಸ್ತಾ ಇಲ್ಲ," ಎಂದಳು.

ಅವಳ ವಿಚ್ಛೇದನ ನಡೆಸಿದವಳು ನಾನೇ. ಇಬ್ಬರೂ ಒಪ್ಪಿ ಬೇರೆಯಾದವರು, ಕೂಗಾಟವಿರಲಿಲ್ಲ. ಮಗಳು ಚಿನ್ಮಯಿ ತಾಯಿಯ ಹತ್ತಿರ ಇರಬೇಕು. ಭಾನುವಾರ ಅಪ್ಪ ಮೋಹನ್‌ಕುಮಾರ್ ಅರೇಹಳ್ಳಿಗೆ ಕರೆದುಕೊಂಡು ಹೋಗಿ ಸಂಜೆಗೆ ಒಪ್ಪಿಸಬೇಕು. ಇಬ್ಬರಿಗೂ ನಡುವೆ ಆಗುತ್ತದೆಂದು ಹಳೇಬೀಡಿನ ಬಸ್ ಸ್ಟ್ಯಾಂಡ್ ಗೊತ್ತು ಮಾಡಿದ್ದೆವು. ಎರಡು ವರ್ಷ ತಕರಾರಿಲ್ಲದೆ ನಡೆಯಿತು. ಇಂಥವರೇ ಎಲ್ಲರೂ ಆದರೆ ನನಗೆ ಅನ್ನ ಹುಟ್ಟುವುದಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಎಲ್ಲ ಕೆಟ್ಟದ್ದು ದಿವ್ಯಾಳ ತಮ್ಮ ಶರತ್‌ನ ಮದುವೆಯ ವಾರ. ಅವಳಿದ್ದ ತವರುಮನೆ ಮುಂದೆ ಚಪ್ಪರ ಎದ್ದಿತ್ತು. ಆ ಭಾನುವಾರ ಮಗು ಅರೇಹಳ್ಳಿಯಲ್ಲಿದ್ದಾಗಲೇ ಮೋಹನನ ತಂದೆ ಲಕ್ಕಪ್ಪ ತೀರಿಕೊಂಡರು. ಹೆಣ ಮನೆಯಲ್ಲಿಟ್ಟುಕೊಂಡೂ ಆ ಮನುಷ್ಯ ಕೋರ್ಟಿನ ಮಾತು ತಪ್ಪಬಾರದೆಂದು ಮಗಳನ್ನು ಹಳೇಬೀಡಿಗೆ ತಂದ. ಬಿಟ್ಟುಬಂದ ಸೊಸೆಗೆ ಮಾವನ ಸೂತಕವಿಲ್ಲ, ಮೊಮ್ಮಗಳಿಗೆ ಇದೆ. ಸೂತಕದವರು ಚಪ್ಪರದೊಳಗೆ ಕಾಲಿಟ್ಟರೆ ಮದುವೆ ನಿಂತಂತೆಯೇ. ದಿವ್ಯಾಳ ಅವ್ವ ಹುಚ್ಚಮ್ಮ ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಅವಳ ಧೈರ್ಯ ತೆಗೆದಿದ್ದಳು. ಓಡಿಬಂದ ಮಗಳಿಂದ ದಿವ್ಯಾ ಹಿಂದಕ್ಕೆ ಸರಿದಳು. ಹನ್ನೊಂದು ದಿನ ನಿಮ್ಮಲ್ಲೇ ಇರಲಿ, ತಿಥಿ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಅರಸೀಕೆರೆ ಬಸ್ಸು ಹತ್ತಿದಳು.

ತಿಥಿ ಮುಗಿಯಿತು, ಮೋಹನ ಮಗಳನ್ನು ಹಳೇಬೀಡಿಗೆ ಕರೆತರಲಿಲ್ಲ. ಬಂದದ್ದು ಕೋರ್ಟಿನ ನೋಟಿಸು. ಸಾವಿನ ದಿನ ಹೆತ್ತ ಮಗುವನ್ನು ಮುಟ್ಟದೆ ಬಿಟ್ಟುಹೋದವಳು ತಾಯಿಯೇ ಅಲ್ಲ, ಮಗಳು ಇನ್ನು ತನ್ನ ಬಳಿಯೇ ಇರಲಿ ಎಂದು ಅವನು ಅರ್ಜಿ ಹಾಕಿದ್ದ. ದಿವ್ಯಾ ಅರೇಹಳ್ಳಿಗೆ ಮೂರು ಸಲ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತು ಬಂದಳು. ಊಟ ಬಿಟ್ಟಳು. ನನ್ನ ಕಚೇರಿಯಲ್ಲಿ ಬೇರೆ ಕಕ್ಷಿದಾರರ ಎದುರೇ ನನ್ನ ಕಾಲು ಹಿಡಿದಳು. ನನಗೆ ನಿಜವಾಗಿ ಭಯವಾಯಿತು.

ಶರತ್ ಮಾತ್ರ ಹೊಸ ಮದುಮಗನ ಗತ್ತಿನಲ್ಲಿ ದಾರಿ ಹುಡುಕಿಕೊಂಡು ಬಂದ. ಮಗು ನಿಮ್ಮಲ್ಲೇ ಇರಲಿ ಎಂದು ತಾನು ಹೇಳೇ ಇಲ್ಲ ಅಂತ ಅಕ್ಕ ಅಂದುಬಿಡಲಿ, ಅಲ್ಲಿ ಸಾಕ್ಷಿ ಯಾರಿದ್ದರು ಎಂದ. ನನಗೆ ಮೈಯೆಲ್ಲ ಉರಿಯಿತು.

"ಮಗು ಇತ್ತಲ್ಲಪ್ಪ. ಜಡ್ಜ್ ಅದನ್ನೇ ಒಳಗೆ ಕರೆದು ಕೇಳ್ತಾರೆ. ಅಮ್ಮ ಸುಳ್ಳಿ ಅಂತ ಆ ಕೂಸಿನ ಬಾಯಲ್ಲೇ ಹೇಳಿಸ್ತೀಯಾ?"

ನಿಜ ಹೇಳಿದರೆ ಮಗು ಕೈತಪ್ಪಬಹುದು ಎಂದು ನಾನೇ ದಿವ್ಯಾಳಿಗೆ ಬಿಡಿಸಿ ಹೇಳಿದ್ದೆ. ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದಾಗ ಅವಳು ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಅಂದಿದ್ದು ಸ್ವಾಮಿ. ನನ್ ಮಗೂನ ನಾನೇ ಮುಟ್ಲಿಲ್ಲ."

ಶರತ್ ದಡಬಡ ಎದ್ದು ಹೊರಗೆ ಹೋದ. ಮೋಹನ ತಲೆ ತಗ್ಗಿಸಿದ. ಅಜ್ಜ ಸತ್ತದ್ದಕ್ಕಲ್ಲ, ಅಮ್ಮ ಬಿಟ್ಟು ಹೋದದ್ದಕ್ಕೆ ಮಗು ಅತ್ತಿತು, ಆ ಸಿಟ್ಟು ತನಗೆ ಇಳಿಯಲೇ ಇಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡ. ಅವನ ಮೇಲಿದ್ದ ನನ್ನ ಕೋಪ ಅಲ್ಲಿಗೆ ಅರ್ಧ ಸತ್ತಿತು.

ನ್ಯಾಯಾಧೀಶರು ಮಗುವಿನ ಜೊತೆ ಒಳಗೆ ಮಾತಾಡಿ ಬಂದು ಇಬ್ಬರಿಗೂ ಛೀಮಾರಿ ಹಾಕಿದರು. ಮನೆತನದ ನಡಾವಳಿಗೆ ಅಂಜಿ ಹನ್ನೊಂದು ದಿನ ದೂರವಿಟ್ಟದ್ದು ತಾಯಿ ಮಗುವನ್ನು ತೊರೆದಂತೆ ಆಗುವುದಿಲ್ಲ. ಆಮೇಲೂ ಇಟ್ಟುಕೊಂಡದ್ದು ತಂದೆಯ ತಪ್ಪು. ಮಗಳನ್ನು ಈ ಹೊತ್ತೇ ತಾಯಿಗೆ ಒಪ್ಪಿಸಬೇಕು, ಭಾನುವಾರಗಳು ಹಿಂದಿನಂತೆ ನಡೆಯಬೇಕು ಎಂದರು. ನಾನು ಗೆದ್ದೆ ಎಂದುಕೊಂಡೆ.

ಹೊರಗೆ ವರಾಂಡದಲ್ಲಿ ಮೋಹನ ಮಗಳ ಕೈಬಿಟ್ಟ. ದಿವ್ಯಾ ನೆಲಕ್ಕೆ ಕುಸಿದು ಕುಳಿತು ಅವಳನ್ನು ಬಾಚಿ ತಬ್ಬಿಕೊಂಡಳು, ಹಣೆ, ಕೆನ್ನೆ, ಕೈ ಎಲ್ಲ ಮುದ್ದಿಟ್ಟಳು. ಮಗು ಸುಮ್ಮನೆ ನಿಂತಿತ್ತು.

"ಅಮ್ಮ, ಈ ಸಲ ನನ್ನ ಎಷ್ಟು ದಿನ ಇಟ್ಕೊತೀಯ?"

"ಯಾವಾಗ್ಲೂ ಕಣೇ," ಎಂದಳು ದಿವ್ಯಾ. "ಇನ್ನು ಯಾವಾಗ್ಲೂ."

ಚಿನ್ಮಯಿ ಕತ್ತು ತಿರುಗಿಸಿ, ಅದು ನಿಜವೇ ಎಂದು ಅಪ್ಪನ ಮುಖ ನೋಡಿದಳು.