ಹೆಜ್ಜೆ ಗುಡಿಸುವ ಕೆಲಸ

“ಲೇ ಸೆವೆ, ಬಡ್ಡೆತ್ತದ್ದೆ, ಅಲ್ಲೊಂದು ಹೆಜ್ಜೆ ಹಂಗೇ ಉಳ್ಕಂಡೈತೆ ನೋಡ್ಲಾ. ನಿನ್ ಕಣ್ಣೇನ್ ಮೀನು ತಿಂದ್ಬುಟ್ವಾ?”

ಅನ್ಸೆಲ್ಮುಸ್ ದಣಿ ತೆಂಗಿನ ಮರದ ನೆರಳಲ್ಲಿ ನಿಂತು ಬೆರಳು ತೋರಿಸಿದರು. ನಾನು ಕಡ್ಡಿ ಪೊರಕೆ ಹಿಡಿದು, ಹಿಂದು ಹಿಂದಕ್ಕೆ ನಡೆಯುತ್ತ, ಕಡಲ ದಂಡೆಯ ಮರಳು ಗುಡಿಸುತ್ತಿದ್ದೆ. ಮುಂದಕ್ಕೆ ನಡೆದರೆ ಗುಡಿಸಿದ್ದರ ಮೇಲೆ ನನ್ನದೇ ಕಾಲು ಬೀಳುತ್ತದಲ್ಲ, ಅದಕ್ಕೆ. ದಣಿ ತೋರಿಸಿದ ಹೆಜ್ಜೆ ಅವರದೇ ಚಪ್ಪಲಿಯದು. ನಮ್ಮ ಆಳುಮನೆಯವರಲ್ಲಿ ಚಪ್ಪಲಿ ಹಾಕಿಕೊಂಡು ಮರಳಿಗೆ ಇಳಿಯುವ ಗಂಡಸು ಇನ್ನೂ ಹುಟ್ಟಿಲ್ಲ. ಹೇಳಿದರೆ ಇನ್ನೆರಡು ಬೈಗುಳ ಜಾಸ್ತಿ ಬೀಳುತ್ತವೆಂದು ಸುಮ್ಮನೆ ಗುಡಿಸಿದೆ.

ಆಮೇಲೆ ಹೊರದೇಶದ ಲೆನಾರ್ಟ್ ಬಂದ. ಫೋನನ್ನು ಕೋಲಿಗೆ ಸಿಕ್ಕಿಸಿ, ಕೂದಲು ಸರಿಮಾಡಿಕೊಂಡು, ಅದರೊಳಗಿನ ಜನರ ಜೊತೆ ಮಾತಾಡಿದ. ಮನುಷ್ಯರ ಹೆಜ್ಜೆಯೇ ಬೀಳದ ತೀರವಂತೆ ಇದು. ಇಲ್ಲಿ ಬದುಕುವುದು ಹೇಗೆ, ದುಡ್ಡು ಹಾಕುವುದು ಹೇಗೆ, ಇಲ್ಲಿಗೆ ಬಂದು ಸೇರುವುದು ಹೇಗೆ, ಎಲ್ಲ ಅವನೇ ಹೇಳಿಕೊಡುತ್ತಾನಂತೆ. ಅಷ್ಟು ಹೊತ್ತೂ ನಾನು, ನೆಲಾ ಅತ್ತೆ, ಇನ್ನೂ ಏಳು ಜನ, ಎರಡು ಹಂದಿ, ಎಲ್ಲರೂ ಸುರಹೊನ್ನೆ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆವು. ನಾಯಿಗೆ ಯಾರೂ ಹೇಳಿರಲಿಲ್ಲ. ಅದು ಆರಾಮಾಗಿ ಈ ತುದಿಯಿಂದ ಆ ತುದಿಗೆ ನಡೆದುಹೋಯಿತು. ನಾನು ಮತ್ತೆ ಮೊದಲಿಂದ ಗುಡಿಸಿದೆ.

ಲೆನಾರ್ಟ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಮೂರು ದಿನ ಇದ್ದು ಹೋಗುತ್ತೇನೆಂದು ಬಂದವನು ಎರಡು ವರ್ಷವಾದರೂ ಹೋಗಿಲ್ಲ. ನಮ್ಮ ಹಾಗೆ ನೆಲಕ್ಕೆ ಕೂತು ಕೈಯಲ್ಲೇ ಮೀನು ತಿನ್ನುತ್ತಾನೆ, ಗಡ್ಡಕ್ಕೂ ಸ್ವಲ್ಪ ತಿನ್ನಿಸುತ್ತಾನೆ. ನನ್ನ ಮಗಳಿಗೆ ಜ್ವರ ಬಂದಾಗ ಮಾತ್ರೆ ಕೊಟ್ಟವನೂ ಅವನೇ. ನಮ್ಮ ಮಾತು ಕಲಿತಿದ್ದಾನೆ, ಆದರೆ ಇಗರ್ಜಿಯಲ್ಲಿ ಪಾದ್ರಿ ಓದುವ ಹಾಗೆ ಆಡುತ್ತಾನೆ. ದಂಡೆಯಲ್ಲಿ ಎಂಟು ಬಿದಿರು ಮನೆ ಕಟ್ಟಿಸಿ, ಹೊರಗಿನವರನ್ನು ಕರೆಸಿ ಇಳಿಸುವುದು ಅವನ ಆಸೆ. ದಣಿ ಕಾಗದ ಮಾಡಿ ದಂಡೆಯನ್ನು ಅವನಿಗೆ ಕೊಟ್ಟರು. ನಮಗೆ ಗೊತ್ತಾದದ್ದು ಗೂಟ ಹೊಡೆಯಲು ನಮ್ಮನ್ನೇ ಕರೆದಾಗ.

ದಣಿಯವರದು ದೊಡ್ಡಮನೆ, ನಮ್ಮದು ಆಳುಮನೆ. ಅವರ ಮನೆಯ ಕುರ್ಚಿ ಹೊರುತ್ತೇವೆ, ಕೂರುವುದಿಲ್ಲ. ಅವರ ಹೆಣ ಹೊರುತ್ತೇವೆ, ತಿಥಿಯ ಊಟಕ್ಕೆ ಅಂಗಳದಲ್ಲಿ ಕೂರುತ್ತೇವೆ. ನಾವು ಕೊಟ್ಟ ನೀರು ಅವರು ಕುಡಿಯುವುದಿಲ್ಲ, ನಾವು ತೋಡಿದ ಬಾವಿಯದಾದರೆ ಕುಡಿಯುತ್ತಾರೆ.

ನಮಗೆ ಅಂತ ಇದ್ದದ್ದು ಸುರಹೊನ್ನೆ ಮರದ ಕೆಳಗಿನ ಮೂರು ಚಪ್ಪಟೆ ಕಲ್ಲು. ನಮ್ಮ ಊಟ ಕಹಿ ಮರಗೆಣಸು. ಹಾಗೇ ತಿಂದರೆ ಸಾಯುತ್ತೇವೆ. ತುರಿದು, ಚೀಲಕ್ಕೆ ತುಂಬಿ, ಮೇಲೆ ಕಲ್ಲು ಹೇರಿ, ವಿಷದ ರಸವನ್ನೆಲ್ಲ ಮರಳಿಗೆ ಇಳಿಸಿದರೆ ಮಾತ್ರ ರೊಟ್ಟಿಗೆ ಹಿಟ್ಟಾಗುತ್ತದೆ. ಆ ರಸ ಹುಳಿಹುಳಿ ನಾರುತ್ತದೆ, ಸುಳ್ಳು ಹೇಳುವುದಿಲ್ಲ. ಹಿಂಡುವ ಉಸ್ತುವಾರಿ ನೆಲಾ ಅತ್ತೆಯದು. ಅವಳ ಪೂರ್ತಿ ಹೆಸರು ಪೆಟ್ರೊನೆಲಾ, ನನ್ನ ಅಪ್ಪನ ತಂಗಿ. ಹದಿನಾಲ್ಕು ಒಲೆಯ ಹಿಟ್ಟು ಅವಳ ಕೈಯಿಂದಲೇ ಹೋಗಬೇಕು.

ಅವತ್ತು ಫೋನಿನ ಕೆಲಸ ಮುಗಿದ ಮೇಲೆ ದಣಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅವಳ ಹತ್ತಿರ ಬಂದರು. ಭಾನುವಾರ ಆರು ಜನ ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ಈ ನಾತ ಗುಡ್ಡದ ಮೇಲಕ್ಕೆ ಹೋಗಬೇಕು ಎಂದರು.

“ಗುಡ್ಡದಾಗೆ ಬರೀ ಬಂಡೆ ದಣಿ,” ಅಂದಳು ಅತ್ತೆ, ತಲೆ ಎತ್ತದೆ. “ರಸ ಇಂಗಾಕಿಲ್ಲ. ಮಡುಗಟ್ಕಂಡು ನಿಂತ್ಕತದೆ. ಹಂದಿ ಕುಡುದ್ರೆ ಸಾಯ್ತವೆ, ಮಕ್ಳು ಕುಡುದ್ರೂ ಸಾಯ್ತವೆ.”

“ಹಂದಿ ಸತ್ರೆ ಬೇಯ್ಸ್ಕಂಡ್ ತಿನ್ನು.”

ಮಕ್ಕಳ ವಿಷಯಕ್ಕೆ ಅವರು ಏನೂ ಹೇಳಲಿಲ್ಲ. ಹಿಂಡಿ ಮುಗಿದಿದ್ದ ಚೀಲಕ್ಕೆ ಚಪ್ಪಲಿಗಾಲು ಕೊಟ್ಟು ಒತ್ತಿದರು. ಚೀಲ ಮಗುಚಿ ಹಿಟ್ಟೆಲ್ಲ ಮರಳಿಗೆ ಬಿತ್ತು. ನಮ್ಮ ಮರಳೂ ಹಿಟ್ಟಿನಷ್ಟೇ ಬಿಳುಪು, ಯಾವುದು ಯಾವುದೆಂದು ತಿಳಿಯುವುದಿಲ್ಲ. ಅತ್ತೆ ಬೆರಳಲ್ಲಿ ಮುಟ್ಟಿ, ನಾಲಿಗೆಗೆ ಹಚ್ಚಿ ನೋಡಿ, ಬೇರೆ ಮಾಡುತ್ತ ಕೂತಳು. ನಾನು ಪೊರಕೆ ಹಿಡಿದುಕೊಂಡು ನಿಂತೇ ಇದ್ದೆ. ನಾಚಿಕೆಯಾಯಿತು. ಅವತ್ತು ರೊಟ್ಟಿ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಾಗಲೆಲ್ಲ ಮತ್ತೆ ಆಯಿತು.

ಶನಿವಾರ ದಣಿ ಅತಿಥಿಗಳನ್ನು ಕರೆತರಲು ಪೇಟೆಗೆ ಹೋದರು. ಲೆನಾರ್ಟ್ ನೀರಿನ ಅಂಚಿಗೆ ಬಿದಿರಿನ ಕಮಾನು ನಿಲ್ಲಿಸಿ, ಅದರ ಚೆಂದ ನೋಡಿ, ಏನೋ ಸಾಲದು ಅಂತ ತಲೆ ಕೆರೆದುಕೊಂಡ. ಫೋನಿನಲ್ಲಿ ಒಂದು ಚಿತ್ರ ಹುಡುಕಿ ಅತ್ತೆಗೆ ತೋರಿಸಿದ.

“ಪೆಟ್ರೊನೆಲಾ ಅಮ್ಮ, ದಯವಿಟ್ಟು ಇಂಥದೊಂದು ತೋರಣವನ್ನು ಈ ಬಾಗಿಲಿಗೆ ಕಟ್ಟಿಕೊಡುವಿರಾ? ಸ್ಥಳೀಯವಾದದ್ದು ಏನಾದರೂ ಇದ್ದರೆ ಅತಿಥಿಗಳಿಗೆ ಸಂತೋಷವಾಗುತ್ತದೆ.”

ನಾನು ಬಗ್ಗಿ ನೋಡಿದೆ. ಅದು ಹವೆಯಾರ್.

ತೆಂಗಿನ ಎಳೆಯ ಸುಳಿಗರಿಯನ್ನು ಹೆಣೆದು, ಎಲೆಯಡಿಕೆ ಇಟ್ಟು, ಹಿರಿಯರ ಹೆಸರು ಹೇಳಿ ಅಡ್ಡ ಕಟ್ಟಿದರೆ ಮುಗಿಯಿತು, ಅದರಾಚೆ ಯಾರೂ ಕಾಲಿಡುವ ಹಾಗಿಲ್ಲ. ಹೋದ ವರ್ಷ ದಣಿ ಬಂಡೆಸಾಲಿಗೆ ಕಟ್ಟಿ, ಮೂರು ತಿಂಗಳು ಕಡಲ ಚಿಪ್ಪನ್ನೆಲ್ಲ ತಮಗೇ ಉಳಿಸಿಕೊಂಡರು. ನಾವು ಒಣರೊಟ್ಟಿ ತಿಂದುಕೊಂಡು ದೂರದಿಂದ ಬಂಡೆ ನೋಡಿದೆವು. ಒಮ್ಮೆ ಪೊಲೀಸರ ಜೀಪೇ ಅದರ ಮುಂದೆ ಒಂದು ವಾರ ನಿಂತಿತ್ತು. ಮರ ಹತ್ತಿ ಗರಿ ಕೊಯ್ಯುವವರು ನಾವು, ಹೆಣೆಯುವವರು ನಾವು. ಕಟ್ಟಿ ಹೆಸರು ಹೇಳುವ ಹಕ್ಕು ಮಾತ್ರ ದೊಡ್ಡಮನೆಯದು. ಕಟ್ಟಿದವರೇ ಬಿಚ್ಚಬೇಕು.

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಕೇಳಿದಳು.

“ಕಟ್ಬೇಕಾ?”

“ಹೌದು.”

“ನಾನೇಯಾ?”

“ನೀವೇ. ನಿಮ್ಮ ಕೈಗೆಲಸ ಬಹಳ ಸುಂದರವಾಗಿದೆ.”

“ಆಮ್ಯಾಕೆ ಬ್ಯಾಡ ಅನ್ಬಾರ್ದು.”

“ಖಂಡಿತ ಅನ್ನುವುದಿಲ್ಲ,” ಅಂದ ಅವನು, ಮುಖವೆಲ್ಲ ನಗು. ನಾನು ಅವನಿಗೆ ತಿಳಿಸಿ ಹೇಳಬಹುದಿತ್ತು. ಅವನು ಫೋನು ಹಿಡಿದುಕೋ ಎಂದು ಕೊಟ್ಟ, ಹಿಡಿದುಕೊಂಡೆ. ನನ್ನ ಕೆಲಸ ಅಷ್ಟೇ.

ಭಾನುವಾರ ಬೆಳಿಗ್ಗೆ ನಾನೇ ಮರ ಹತ್ತಿ ಸುಳಿ ಇಳಿಸಿದೆ. ಅತ್ತೆ ಹೆಣೆದು ಕಮಾನಿಗೆ ಅಡ್ಡ ಕಟ್ಟಿದಳು. ಈ ತುದಿಯ ಬಂಡೆಯಿಂದ ಆ ತುದಿಯ ಬಂಡೆಯವರೆಗೆ ತಡೆ ಎಂದು ಗಟ್ಟಿಯಾಗಿ ಹೇಳಿದಳು. ಎಲೆಯಡಿಕೆ ಇಟ್ಟು ಹಿರಿಯರನ್ನು ಕರೆದಳು. ದೊಡ್ಡಮನೆಯ ಹಿರಿಯರನ್ನಲ್ಲ, ನಮ್ಮವರನ್ನು. ನನ್ನ ಮುತ್ತಜ್ಜನ ಹೆಸರನ್ನು ಬೈಗುಳವಿಲ್ಲದೆ ಹೊರಗೆ ಕೂಗಿದ್ದನ್ನು ನಾನು ಕೇಳಿದ್ದು ಅವತ್ತೇ. ಆಮೇಲೆ ಒಳಗಿನಿಂದಲೇ ಕೈಚಾಚಿ ಗರಿಯ ಕಡಲ ಬದಿಗೆ ಒಂದು ಚಾಪೆ ಹಾಸಿ, ಹಾರದಂತೆ ಕಲ್ಲಿಟ್ಟು, ಹೋಗಿ ಚೀಲದ ಮುಂದೆ ಕೂತಳು. ನಾನು ದಂಡೆ ಗುಡಿಸಿದೆ, ಒಂದು ಹೆಜ್ಜೆಯೂ ಉಳಿಯದ ಹಾಗೆ.

ಮಧ್ಯಾಹ್ನ ದೋಣಿ ಬಂತು. ದೋಣಿಯ ಮತ್ತೇವ್ ದೂರದಿಂದಲೇ ಗರಿ ನೋಡಿ ಮೋಟಾರು ನಿಲ್ಲಿಸಿಬಿಟ್ಟ. ಅತಿಥಿಗಳ ಚೀಲ ಮುಟ್ಟದೆ ಕೈಕಟ್ಟಿ ಕೂತ. ದಣಿ ಬಿಳಿಯ ಹೊಸ ಅಂಗಿ ಹಾಕಿದ್ದರು. ಮೊದಲು ಇಳಿಯಬೇಕಾದವರು ಅವರೇ ಅಲ್ಲವೇ, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದದ ನೀರಿಗೆ ಇಳಿದು, ನಗುತ್ತ ಒದ್ದೆ ಮರಳಿಗೆ ಬಂದರು. ತಲೆ ಎತ್ತಿದರು. ನಿಂತುಬಿಟ್ಟರು.

ಲೆನಾರ್ಟ್ ಓಡಿಬಂದು ಗರಿಯ ಕೆಳಗೆ ತಲೆ ಬಗ್ಗಿಸಿ ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ. ಅವನಿಗೆ ಏನೂ ಆಗಲಿಲ್ಲ. ಆಗಲಿಕ್ಕೆ ಅವನ ಅಜ್ಜಂದಿರು ಇಲ್ಲಿರಬೇಕಲ್ಲ.

“ನಾನೇ ಹೇಳಿ ಕಟ್ಟಿಸಿದ್ದು,” ಅಂದ ದಣಿಗೆ. “ಚೆನ್ನಾಗಿದೆಯಲ್ಲವೇ?”

ದಣಿ ಅವನ ಕಡೆ ತಿರುಗಲೂ ಇಲ್ಲ. “ಸೆವೆ,” ಅಂದರು ಮೆಲ್ಲಗೆ, “ಕಿತ್ತಾಕ್ಲಾ ಅದ್ನ.”

“ನನ್ ಕೆಲ್ಸ ಹೆಜ್ಜೆ ಗುಡ್ಸೋದು ದಣಿ,” ಅಂದೆ. ಆಗುವುದಿಲ್ಲ ಎಂದು ನಾನು ಅವರಿಗೆ ಹೇಳಿದ್ದು ಅದೇ ಮೊದಲು.

“ಕಟ್ದೋಳು ನಾನು,” ಅಂದಳು ಅತ್ತೆ ಮರದ ಕೆಳಗಿನಿಂದ, ಚೀಲದ ಮೇಲೆ ಕಲ್ಲು ಸರಿಮಾಡುತ್ತ. “ಬಿಚ್ಚು ಅನ್ನೋರು ಎಲೆಅಡ್ಕೆ ತತ್ತಾರೆ, ಕಟ್ದೋರ ಚಾಪೆ ಮ್ಯಾಲೆ ಕೂತ್ಕಂಡು ಕೇಳ್ತಾರೆ. ಚಾಪೆ ಹಾಸಿವ್ನಿ.”

“ನಿನ್ ಚಾಪೆ ಮ್ಯಾಲೆ ನಾನು ಕೂರೋದಾ? ಇದ್ನ ಕಟ್ಟೋ ಹಕ್ಕು ನಿಂಗೆಲ್ಲೈತೆ ಮುಂಡೆ?”

“ಹಕ್ಕಿಲ್ಲ ಅಂದ್ರೆ ಅದು ಬರೀ ಗರಿ ದಣಿ,” ಅಂದಳು. “ದಾಟ್ಕಂಡ್ ಬನ್ನಿ.”

ದೋಣಿಯಲ್ಲಿ ಅತಿಥಿಗಳು ಫೋಟೊ ತೆಗೆಯುತ್ತಿದ್ದರು. ಮತ್ತೇವ್ ದಣಿಯ ಕಾಲನ್ನೇ ನೋಡುತ್ತಿದ್ದ, ನಾನೂ ಅದನ್ನೇ ನೋಡುತ್ತಿದ್ದೆ. ನೀರು ಹಿಂದಕ್ಕೆ ಸರಿಯುತ್ತಿತ್ತು. ದಣಿ ಬಲಗಾಲು ಎತ್ತಿದರು. ಗರಿಯ ತುದಿ ಗಾಳಿಗೆ ಅವರ ಮೊಣಕಾಲಿನ ಹತ್ತಿರ ಬಂದು ಹೋಯಿತು. ಎತ್ತಿದ ಕಾಲು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಎಲ್ಲಿಂದ ಎತ್ತಿದ್ದರೋ ಅಲ್ಲಿಗೇ, ಅದೇ ಹೆಜ್ಜೆಯೊಳಕ್ಕೆ ಇಳಿಯಿತು.

ನಾನು ಪೊರಕೆಯನ್ನು ಮರಕ್ಕೆ ಒರಗಿಸಿ, ಅತ್ತೆಯ ಜೊತೆ ಕಲ್ಲು ಎತ್ತಲು ಹೋದೆ.